ಪ್ರತಿಕ್ರಿಯೆ ದೊರೆಯಲಿಲ್ಲ

ಗಾಜಿನಾಚೆ ಕೂತಿದ್ದ ಮುದುಕರು ಮತ್ತೆ ಬೆರಳೆತ್ತಿದರು. ಅವಳು ಯಾವ ಸದ್ದನ್ನೂ ಕೊಟ್ಟಿರಲಿಲ್ಲ. ಹೆಬ್ಬೆರಳು ಗುಂಡಿಯ ಮೇಲೆ ಸುಮ್ಮನೆ ಕೂತಿತ್ತು, ಯಂತ್ರದ ಹಸಿರು ದೀಪ ಆರಿತ್ತು, ಹೊರಗಿನ ಗಲಾಟೆ ನುಗ್ಗದಂತೆ ದಪ್ಪ ಹಲಗೆ ಹೊದಿಸಿದ ಆ ಪುಟ್ಟ ಕೋಣೆಯೊಳಗೆ ಮುದುಕರು ತಮ್ಮ ಉಸಿರಿನ ಜೊತೆ ಒಬ್ಬರೇ ಇದ್ದರು. ಆದರೂ ಬೆರಳು ಮೇಲೆದ್ದಿತ್ತು, ನೆಟ್ಟಗೆ, ಉತ್ತರ ಗೊತ್ತಿರುವವರ ಸಣ್ಣ ಹೆಮ್ಮೆಯಲ್ಲಿ. ಇದು ಐದನೆಯ ಸಲ. ಹದಿನೆಂಟು ವರ್ಷ ಜನರ ಕಿವಿ ಪರೀಕ್ಷಿಸಿದವಳಿಗೆ ಇದೇನೂ ಹೊಸದಲ್ಲ. ಇಲ್ಲದ ಸದ್ದಿಗೆ ಕೈಯೆತ್ತುವವರು ವಾರಕ್ಕೊಬ್ಬರಾದರೂ ಬರುತ್ತಾರೆ. ಅಂಥವರ ವರದಿಯ ಕೆಳಗೆ ‘ಉತ್ತರಗಳು ನೆಚ್ಚುವಂತಿಲ್ಲ’ ಎಂದು ಬರೆದು ಇನ್ನೊಂದು ದಿನ ಬರಹೇಳುವುದು ರೂಢಿ. ಇವತ್ತು ಮಾತ್ರ ಆ ಬೆರಳು ನೋಡಿದಾಗಲೆಲ್ಲ ಅವಳಿಗೆ ಅಪ್ಪನ ನೆನಪಾಗುತ್ತಿತ್ತು. ಸಂಜೆ ಮನೆಗೆ ಹೋಗಿ ಅಪ್ಪನಿಗೆ ಒಂದು ಮಾತು ಹೇಳಬೇಕಾಗಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ಅದನ್ನು ಬಾಯೊಳಗೇ ಹತ್ತು ಸಲ ಜೋಡಿಸಿ ನೋಡಿದ್ದಳು: ಅಪ್ಪ, ಅಮ್ಮನಿಗೆ ಕೇಳಿಸುವುದಿಲ್ಲ ಅಂತ ನಾನು ಹೇಳಬಾರದಿತ್ತು. ಅದು ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಇಷ್ಟೇ. ಹೇಳುವುದಕ್ಕೆ ಅರ್ಧ ನಿಮಿಷ ಸಾಕು. ಹೇಳದೆ ಮೂರು ತಿಂಗಳು ಕಳೆದಿತ್ತು.

ಎದ್ದು ಹೋಗಿ ಕೋಣೆಯ ಭಾರದ ಬಾಗಿಲು ತೆಗೆದಳು. “ತಾತ, ನಾನು ಸದ್ದು ಕೊಟ್ಟಾಗ ಮಾತ್ರ ಬೆರಳೆತ್ತಬೇಕು.”

“ಕೊಟ್ರಲ್ಲಮ್ಮ?”

“ಇಲ್ಲ, ಕೊಡಲಿಲ್ಲ.”

“ನೀವು ಕೊಡದೇ ಇದ್ರೆ ಏನಂತೆ, ನನಗೆ ಬಂತಲ್ಲ?” ಎಂದರು ಮುದುಕರು. ಬೆಂಚಿನ ಮೇಲೆ ಕೂತಿದ್ದ ಸೊಸೆ, “ಮಾವ, ಈ ವಯಸ್ಸಲ್ಲಿ ಪರೀಕ್ಷೇಲಿ ಕಾಪಿ ಹೊಡಿತಿದೀರಾ?” ಎಂದು ನಕ್ಕಳು. ಮುದುಕರು ತಾವೂ ನಕ್ಕು, ಕಿವಿಗೆ ಹಾಕಿದ್ದ ದಿಂಬಿನಂಥ ಬಟ್ಟಲುಗಳನ್ನು ತೆಗೆದು, ತಮ್ಮ ಬೆವರು ಅಂಟಿರಬಹುದೆಂದು ಅಂಗಿಯ ಚುಂಗಿನಿಂದ ಒರೆಸಿ ಅವಳ ಕೈಗೆ ಕೊಟ್ಟರು. ಆಮೇಲೆ ಸೊಸೆಗೆ ಕೇಳಿಸದ ಹಾಗೆ, “ನಿಜ ಹೇಳ್ಲಾ? ಬಂತೋ ಇಲ್ವೋ ನನಗೂ ಸರಿಯಾಗಿ ಗೊತ್ತಾಗ್ಲಿಲ್ಲ. ನೀವು ಗಾಜಿನಾಚೆ ಅಷ್ಟು ಹೊತ್ತಿಂದ ಕಾಯ್ತಾ ಕೂತಿದ್ರಿ. ಎತ್ತದೇ ಇದ್ರೆ ಪಾಪ ಬೇಜಾರು ಮಾಡ್ಕೋತೀರೇನೋ ಅನ್ನಿಸ್ತು” ಎಂದರು.

ಅವಳು ವರದಿಯ ಹಾಳೆ ಎಳೆದುಕೊಂಡು ಬರೆಯಬೇಕಾದ್ದನ್ನು ಬರೆದಳು. ಕಾಯುತ್ತ ಕೂತವಳ ಮೇಲಿನ ಕನಿಕರಕ್ಕೆ ಎದ್ದ ಬೆರಳಿಗೂ ಬರೆಯುವುದು ಅದೇ ಮಾತು, ಬೇರೆ ಖಾನೆ ಇಲ್ಲ. ಅಪ್ಪನೂ ಹೀಗೆಯೇ ಕೈಯೆತ್ತಿದವರಲ್ಲವೇ. ಎಂಟು ತಿಂಗಳು, ದಿನವೂ, ಅಮ್ಮನ ಹಾಸಿಗೆಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು, “ಅವಳಿಗೆ ಎಲ್ಲಾ ಕೇಳಿಸತ್ತೆ ಕಣೆ” ಎನ್ನುತ್ತಿದ್ದರು. ಮಿದುಳಿನ ಬುಡದಲ್ಲಿ ರಕ್ತ ಹೆಪ್ಪುಗಟ್ಟಿ ಬಿದ್ದ ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದಾಗ ಅವಳ ಕಣ್ಣು ತೆರೆದಿತ್ತು, ಉಸಿರು ಸರಿಯಾಗಿತ್ತು, ಉಳಿದದ್ದು ಯಾವುದೂ ಅವಳ ವಶದಲ್ಲಿರಲಿಲ್ಲ. ಆಗ ಅಪ್ಪ ಮಾತು ಶುರುಮಾಡಿದರು. ಅದೇ ಒಂದು ಸೋಜಿಗ. ಭೂಮಾಪಕರಾಗಿ ಹಳ್ಳ ದಿಣ್ಣೆ ಅಳೆಯುತ್ತ ಬಿಸಿಲಲ್ಲಿ ಬೆಂದು ಬರುತ್ತಿದ್ದ ಅಪ್ಪ ನಲವತ್ತು ವರ್ಷ ಮನೆಯಲ್ಲಿ ಹತ್ತು ಮಾತಾಡಿದವರಲ್ಲ. ಅಮ್ಮ ಹೊಲಿಗೆ ಹೇಳಿಕೊಡುತ್ತಿದ್ದವಳು. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, ಒಂದೂ ಉದುರದ ಹಾಗೆ, ಕಲಿಯಲು ಬಂದ ಹೆಂಗಸರ ಮುಂದೆ, “ನಮ್ಮ ಯಜಮಾನರ ಬಾಯಿಂದ ಮುತ್ತು ಉದುರತ್ತೆ ಅಂತ ಕಾದೂ ಕಾದೂ ನನ್ನ ಕೂದಲು ಉದುರಿಹೋಯ್ತು” ಎನ್ನುತ್ತಿದ್ದಳು. ಆ ಅಪ್ಪ ಈಗ ಬೆಳಿಗ್ಗೆ ಕಾಫಿ ಕುಡಿದು ಕುರ್ಚಿಗೆ ಬಂದರೆ ಮಧ್ಯಾಹ್ನದವರೆಗೆ ನಿಲ್ಲಿಸುತ್ತಿರಲಿಲ್ಲ. ಎದುರು ಮನೆಯವರು ಬಾಗಿಲಿಗೆ ಹಚ್ಚಿಸಿದ ಬಣ್ಣ, ನಲ್ಲಿಯಲ್ಲಿ ನೀರು ಬಂದ ಹೊತ್ತು, ಎಲ್ಲೋ ಮೂವತ್ತು ವರ್ಷದ ಹಿಂದೆ ಒಂದು ಹೊಲದ ಮೂಲೆಯಲ್ಲಿ ತಾವು ಕಲ್ಲನ್ನು ಎರಡು ಮಾರು ತಪ್ಪಾಗಿ ನೆಡಿಸಿ, ಗೊತ್ತಾದ ಮೇಲೂ ಸುಮ್ಮನಿದ್ದು, ಒಂದು ಮನೆಯವರ ಬಾವಿ ಇನ್ನೊಂದು ಮನೆಯವರ ಪಾಲಾದದ್ದು. ಆ ಬಾವಿಯ ಮಾತನ್ನು ಅವಳು ಬಾಗಿಲ ಮರೆಯಲ್ಲಿ ನಿಂತು ಕೇಳಿದ್ದಳು. ಅಪ್ಪನ ಸ್ವರ ಎಷ್ಟು ಸಲೀಸಾಗಿತ್ತೆಂದರೆ, ಅಷ್ಟು ವರ್ಷ ಅದು ಎಲ್ಲಿ ಅಡಗಿತ್ತು ಎಂದು ಅವಳಿಗೆ ಹೊಟ್ಟೆಕಿಚ್ಚಿನಂಥದೇನೋ ಆಗಿತ್ತು.

ಹೊಟ್ಟೆಕಿಚ್ಚೇ ಇರಬೇಕು. ಊಟದ ಬಿಡುವಿನಲ್ಲಿ ಡಬ್ಬಿ ತೆರೆದು ತಿನ್ನದೆ ಕೂತು ಅವಳು ಅದನ್ನೇ ತಿರುವಿ ಹಾಕಿದಳು. ಅಮ್ಮ ಬಿದ್ದ ಮೇಲೆ ಅವಳು ಅಮ್ಮನ ಜೊತೆ ಒಂದು ಮಾತೂ ಆಡಿರಲಿಲ್ಲ. ಮೈ ಒರೆಸುತ್ತಿದ್ದಳು, ನಳಿಗೆಯಲ್ಲಿ ಗಂಜಿ ಬಿಡುತ್ತಿದ್ದಳು, ಹಾಸಿಗೆ ಹುಣ್ಣಾಗದಂತೆ ಬೆನ್ನಿಗೆ ಪುಡಿ ಹಾಕುತ್ತಿದ್ದಳು, ಎಲ್ಲವನ್ನೂ ಮೂಕಿಯ ಹಾಗೆ. ಉತ್ತರ ಬಾರದ ಮುಖಕ್ಕೆ ಮಾತಾಡುವುದೆಂದರೆ ನಾಟಕ ಆಡಿದಂತೆ ಅನ್ನಿಸುತ್ತಿತ್ತು, ಹಾಗೆಂದು ಹೇಳಿಕೊಳ್ಳುತ್ತಿದ್ದಳು. ಅದರ ಕೆಳಗಿದ್ದದ್ದು ಬೇರೆ. ಅಮ್ಮ ಬಿದ್ದ ದಿನ ಬೆಳಿಗ್ಗೆ ಅವಳು ಮೆಟ್ಟಿಲಿಳಿಯುತ್ತಿದ್ದಾಗ ಮೇಲಿನಿಂದ ಅಮ್ಮ ಕೂಗಿದ್ದಳು, “ಬರ್ತಾ ಒಂದು ಕಪ್ಪು ನೂಲಿನ ಉಂಡೆ ತರ್ತೀಯೇನೇ?” ಅವಳಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಆ ನೂಲಿನ ಅಂಗಡಿ ಎರಡು ನಿಲ್ದಾಣ ಆಚೆ ಇತ್ತು. ಕೇಳಿಸದವಳಂತೆ ಇಳಿದು ಹೋಗಿಬಿಟ್ಟಿದ್ದಳು. ಅಮ್ಮ ಎರಡನೇ ಸಲ ಕೂಗಿದ್ದಳು, ಸ್ವಲ್ಪ ತಗ್ಗಿದ ದನಿಯಲ್ಲಿ, ಕೇಳಿಸಲಾರದು ಎಂದು ಗೊತ್ತಿದ್ದೂ ಕೂಗುವವರ ಹಾಗೆ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಊರವರ ಕಿವಿ ಪರೀಕ್ಷೆ ಮಾಡುವವಳು ಕಿವುಡಿಯ ಸೋಗು ಹಾಕಿದಳು ಎಂದು ಯಾರ ಮುಂದೆ ಹೇಳುವುದು?

ಹಾಗಿರುವಾಗ ಒಂದು ಭಾನುವಾರ ಸೋದರತ್ತೆ ನೋಡಲು ಬಂದರು. ಹಾಸಿಗೆಯ ತುದಿಯಲ್ಲಿ ಕೂತು ಅಣ್ಣನ ಮಾತನ್ನು ಸ್ವಲ್ಪ ಹೊತ್ತು ಕೇಳಿ, “ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತಲ್ಲೋ ಅಣ್ಣ” ಎಂದು ಕಣ್ಣೊರೆಸಿಕೊಂಡರು. ಅಪ್ಪ ಸಿಟ್ಟಾಗಲಿಲ್ಲ. ನಕ್ಕರು. “ಅವಳಿಗೆ ಕೇಳಿಸತ್ತೆ. ನನಗೆ ಉತ್ತರಾನೂ ಸಿಗತ್ತೆ. ನೋಡು, ಈಗ ಏನು ಕೇಳ್ತಿದಾಳೆ ಗೊತ್ತಾ?” ಎಂದು ಮಗಳ ಕಡೆ ತಿರುಗಿ, “ಇವಳು ನನ್ನ ಹತ್ರ ಯಾಕೆ ಮಾತಾಡಲ್ಲ ಅಂತ ಕೇಳ್ತಿದಾಳೆ ನಿಮ್ಮಮ್ಮ. ಬೇಜಾರು ಮಾಡ್ಕೊಂಡಿದಾಳೆ” ಎಂದರು. ಅತ್ತೆಯ ಮುಂದೆ. ಅವಳ ಕೈಯಲ್ಲಿ ಅಮ್ಮನ ಬಟ್ಟೆಗಳ ಬಕೆಟ್ಟು ಇತ್ತು. ಕಿವಿಯ ತುದಿಯವರೆಗೆ ಬಿಸಿಯೇರಿತು. ಅಪ್ಪನಿಗೆ ನೂಲಿನ ಉಂಡೆಯ ಸಂಗತಿ ಗೊತ್ತಿರಲು ಸಾಧ್ಯವೇ ಇಲ್ಲ. ಆದರೂ ಆ ಹಾಸಿಗೆಯಿಂದಲೇ ಯಾರೋ ತನ್ನನ್ನು ಹಿಡಿದುಕೊಟ್ಟರು ಎನ್ನಿಸಿತು. ಮುಂದಿನ ಭಾನುವಾರಕ್ಕೆ ಅವಳು ಕ್ಲಿನಿಕ್ಕಿನಿಂದ ಒಂದು ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ತಂದಳು.

ಬೆರಳೆತ್ತಲಾರದವರಿಗೆಂದೇ ಇರುವ ಯಂತ್ರ ಅದು. ಹಸುಗೂಸುಗಳಿಗೆ, ಪ್ರಜ್ಞೆ ಇಲ್ಲದವರಿಗೆ. ಹಣೆಗೆ, ಕಿವಿಯ ಹಿಂದೆ ತಂತಿಯ ಬಿಲ್ಲೆಗಳನ್ನು ಅಂಟಿಸಿ, ಕಿವಿಯೊಳಗೆ ಟಿಕ್ ಟಿಕ್ ಎಂದು ಸದ್ದು ಬಿಟ್ಟರೆ, ನರಗಳಲ್ಲಿ ಏಳುವ ಅಲೆ ಕಾಗದದ ಮೇಲೆ ಗೆರೆಯಾಗಿ ಮೂಡುತ್ತದೆ. ಅಪ್ಪ ಆ ದಿನ ಸ್ನಾನ ಮಾಡಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಫೋಟೋ ತೆಗೆಸಿಕೊಳ್ಳುವವರಂತೆ ಕೈಕಟ್ಟಿ ನಿಂತರು. “ನೋಯತ್ತಾ ಅವಳಿಗೆ?” ಎಂದು ಒಮ್ಮೆ ಕೇಳಿದರು. ನೋಯಲ್ಲ ಎಂದಳು. ಗೆರೆ ಏಳಲಿಲ್ಲ. ಸದ್ದು ಹೆಚ್ಚಿಸಿದಳು, ಏಳಲಿಲ್ಲ. ಇನ್ನೊಂದು ಕಿವಿ. ಮತ್ತೆ ಮೊದಲಿನಿಂದ. ಕಾಗದದ ಈ ಅಂಚಿನಿಂದ ಆ ಅಂಚಿನವರೆಗೆ ಬಿಸಿಲಿಗೆ ಒಣಗಿದ ಕೆರೆಯಂಗಳದ ಹಾಗೆ ಗೆರೆ ಮಲಗಿತ್ತು. “ಅಂದ್ರೆ?” ಎಂದರು ಅಪ್ಪ. ಅಲ್ಲಿಯೇ ಅವಳು ತಪ್ಪಿದ್ದು. ಯಾವ ರೋಗಿಯ ಮನೆಯವರು ಕೇಳಿದ್ದರೂ ಅವಳ ಬಾಯಿಗೆ ತಾನೇ ತಾನಾಗಿ ಬರುವ ಮಾತೊಂದಿತ್ತು: ಪ್ರತಿಕ್ರಿಯೆ ದೊರೆಯಲಿಲ್ಲ. ಅವಳಿಗೆ ಈ ಕೆಲಸ ಕಲಿಸಿದ ಹಿರಿಯರು, ಹೊಸಬರು ಯಾರಾದರೂ ‘ಕೇಳಿಸುವುದಿಲ್ಲ’ ಎಂದು ಬರೆದರೆ ಆ ಹಾಳೆಯನ್ನು ಅವರೆದುರಿಗೇ ಹರಿದು ಬುಟ್ಟಿಗೆ ಹಾಕುತ್ತಿದ್ದರು. “ಯಂತ್ರಕ್ಕೆ ಕಾಣಲಿಲ್ಲ ಅಂತ ಬರೀರಿ. ಅದರಾಚೆಗೆ ಮನುಷ್ಯ ಇದಾನೆ, ಅವನ ಪರವಾಗಿ ನೀವು ಸಹಿ ಹಾಕಬೇಡಿ” ಎನ್ನುತ್ತಿದ್ದರು. ಬರಿಯ ಜಾಗ್ರತೆಯ ಮಾತಲ್ಲ ಅದು. ಗೆರೆ ಏಳದಿದ್ದರೂ ಹೆಸರು ಕರೆದರೆ ತಿರುಗುವವರು ಇರುತ್ತಾರೆ. ಹದಿನೆಂಟು ವರ್ಷದಲ್ಲಿ ಅಂಥ ಇಬ್ಬರನ್ನು ಅವಳೇ ಕಣ್ಣಾರೆ ಕಂಡಿದ್ದಳು. ಆ ಭಾನುವಾರವೂ ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ, ಸದ್ದು ಬಿಡಲು ಅಮ್ಮನ ಕಿವಿಗೆ ಗಿಡಿದಿದ್ದ ಬಿರಡೆಗಳನ್ನು ಇನ್ನೂ ತೆಗೆಯದೆ, ಯಂತ್ರದ ತಂತಿಗಳನ್ನು ಸುತ್ತುತ್ತ, ತಲೆಯೆತ್ತದೆ, “ಕೇಳಿಸಲ್ಲ ಅಪ್ಪ” ಎಂದಿದ್ದಳು. ತನ್ನ ದನಿಯೊಳಗೆ ಆಗ ಒಂದು ಎಳೆ ಗೆಲುವಿತ್ತು. ಅದು ಅವಳಿಗೆ ಆಗಲೇ ಕೇಳಿಸಿತ್ತು.

ಅಪ್ಪ ಕನ್ನಡಕ ಹಾಕಿಕೊಂಡು, ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ನಕ್ಷೆಯ ಗಡಿ ನೋಡುವವರಂತೆ ಉಗುರಿನಿಂದ ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿದರು. “ಅಳೆದದ್ದು ಅಳೆದ ಹಾಗೆ” ಎಂದರು. ಕಾಗದವನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಮರುದಿನ ಬೆಳಿಗ್ಗೆ ಕಾಫಿ ಕುಡಿದು ಕುರ್ಚಿಗೆ ಬಂದು ಕೂತವರು ಬಾಯಿ ತೆರೆಯಲಿಲ್ಲ. ಅದರ ಮರುದಿನವೂ. ಕುರ್ಚಿ ತಪ್ಪಿಸಲಿಲ್ಲ, ಅಮ್ಮನ ತಲೆ ಬಾಚುವುದು, ಕೈ ನೀವುವುದು ಯಾವುದನ್ನೂ ಬಿಡಲಿಲ್ಲ. ಹಾಲಿನವನ ಜೊತೆ, ಫೋನಿನಲ್ಲಿ, ಅವಳ ಜೊತೆ ಬೇಕಾದಷ್ಟು ಮಾತಾಡುತ್ತಿದ್ದರು. ಆ ಕೋಣೆಯೊಳಗೆ ಮಾತ್ರ ಇಲ್ಲ. ಮೊದಲ ವಾರ ಅವಳಿಗೆ ಹಗುರಾಗಿತ್ತು. ಸತ್ಯವನ್ನು ಎದುರಿಸುತ್ತಿದ್ದಾರೆ, ಒಳ್ಳೆಯದೇ, ಎಂದು ಸಹೋದ್ಯೋಗಿಯೊಬ್ಬಳ ಹತ್ತಿರ ಹೇಳಿಯೂ ಇದ್ದಳು. ಸತ್ಯ! ಎರಡನೆಯ ವಾರ ಆ ಮನೆಯ ಮೌನ ಅವಳ ಕಿವಿಗೆ ಬೀಳತೊಡಗಿತು.

ನಿನ್ನೆ ದಾದಿ ಕೇಳಿದ ಪ್ರಶ್ನೆಯಿಂದ ಅದು ಸಹಿಸಲಾಗದಂತಾಗಿತ್ತು. ಹಗಲು ಹೊತ್ತು ಅಮ್ಮನನ್ನು ನೋಡಿಕೊಳ್ಳಲು ಎರಡು ತಿಂಗಳ ಹಿಂದೆ ಬಂದವಳು, ಎರಡೆರಡು ಗಂಟೆಗೊಮ್ಮೆ ತಪ್ಪದೆ ಅಮ್ಮನ ಮಗ್ಗುಲು ಬದಲಿಸುತ್ತಾಳೆಂದು ಅಪ್ಪ ಅವಳನ್ನು ಗಂಟೆಯಮ್ಮ ಎನ್ನುತ್ತಿದ್ದರು. ಅಪ್ಪ ಮಾತಾಡುತ್ತಿದ್ದ ಕಾಲವನ್ನು ಅವಳು ಕಂಡವಳಲ್ಲ. ಚಪ್ಪಲಿ ಮೆಟ್ಟುತ್ತ, ಹಿಂಜರಿಯುತ್ತ, “ಅಕ್ಕ, ಬೇಜಾರು ಮಾಡ್ಕೋಬೇಡಿ, ಒಂದು ಕೇಳ್ತೀನಿ. ಯಜಮಾನ್ರಿಗೂ ಅಮ್ಮಾವ್ರಿಗೂ ಮೊದಲೇ ಏನಾದ್ರೂ ಜಗಳ ಇತ್ತಾ?” ಎಂದಳು.

“ಯಾಕೆ?”

“ಏನಿಲ್ಲ. ಅಷ್ಟು ಚೆನ್ನಾಗಿ ನೋಡ್ಕೋತಾರೆ, ಒಂದು ಮಾತು ಮಾತ್ರ ಆಡಿಸಲ್ಲ. ಹೆಂಗಸರಿಗೆ ಅದು ಎದೆಗೆ ಹತ್ತತ್ತೆ ಅಕ್ಕ. ನಮ್ಮ ಯಜಮಾನ ಹಾಗೆ ಎರಡು ದಿನ ಇದ್ರೆ ನಾನು ಪಾತ್ರೆ ಎತ್ತಿ ಕುಕ್ತೀನಿ. ಇವರು ಪಾತ್ರೆ ಕುಕ್ಕೋ ಹಾಗೂ ಇಲ್ಲ.”

“ಅಮ್ಮನಿಗೆ ಕೇಳಿಸತ್ತೆ ಅಂತೀಯಾ ನೀನು?” ಎಂದು ಅವಳು ಕೇಳಿದ್ದಳು.

“ನನಗೇನು ಗೊತ್ತಕ್ಕ? ಓದಿದವರು ನೀವು. ನಾನು ಹೇಳಿ ಮುಟ್ತೀನಿ ಅಷ್ಟೇ. ಈಗ ತಿರುಗಿಸ್ತೀನಿ ಅಮ್ಮ, ಈಗ ನೀರು ತಣ್ಣಗಿದೆ ಅಮ್ಮ ಅಂತ. ಕೇಳಿಸಿದ್ರೆ ಕೇಳಿಸ್ತು. ಇಲ್ದಿದ್ರೆ ನನ್ನ ಬಾಯಿ ಸವೆಯತ್ತಾ?” ಗಂಟೆಯಮ್ಮ ಅಮ್ಮನನ್ನು ಮುಟ್ಟುವ ಮೊದಲು ಎರಡೂ ಅಂಗೈಗಳನ್ನು ತಿಕ್ಕಿ ಬಿಸಿಮಾಡಿಕೊಳ್ಳುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಯಾವ ವರದಿಯಲ್ಲಿಯೂ ಬರೆಯಲಾಗದ ಆ ತಿಕ್ಕುವಿಕೆಯ ಮುಂದೆ ತನ್ನ ಹದಿನೆಂಟು ವರ್ಷ ಎಷ್ಟು ಒರಟಾಗಿ ಕಾಣುತ್ತಿತ್ತು.

ಸಂಜೆಯ ಬಸ್ಸಿನಲ್ಲಿ ನಿಂತಿದ್ದಾಗ ಯಾರೋ ಹೆಂಗಸು ಏನೂ ಹೇಳದೆ ಅವಳ ಚೀಲವನ್ನು ತೆಗೆದುಕೊಂಡು ತನ್ನ ತೊಡೆಯ ಮೇಲಿಟ್ಟುಕೊಂಡಳು. ಅಷ್ಟಕ್ಕೇ ಅಳು ಬಂದುಬಿಡುತ್ತದೇನೋ ಎಂದು ಅವಳು ಕಿಟಕಿಯಾಚೆ ನೋಡಿದಳು. ಎರಡೇ ಎರಡು ದಾರಿ. ಅಮ್ಮನಿಗೆ ಕೇಳಿಸುವುದಿಲ್ಲ: ಹಾಗಿದ್ದರೆ ಅಪ್ಪ ಎಂಟು ತಿಂಗಳು ಗೋಡೆಗೆ ಮಾತಾಡಿದರು, ತಾನು ಅದನ್ನು ನಿಲ್ಲಿಸಿದ್ದು ತಪ್ಪೇನಲ್ಲ, ಬರೀ ಕ್ರೌರ್ಯ. ಅಮ್ಮನಿಗೆ ಕೇಳಿಸುತ್ತದೆ: ಹಾಗಿದ್ದರೆ ಕಣ್ಣು ತೆರೆದೇ ಮಲಗಿರುವ ಅವಳು, ನಲವತ್ತು ವರ್ಷ ಕಾದು ಕೊನೆಗೂ ಸಿಕ್ಕ ದನಿ ಒಂದು ಭಾನುವಾರ ಯಾಕೆ ನಿಂತಿತು ಎಂದು, ಮೂರು ತಿಂಗಳಿಂದ ತನ್ನನ್ನೇ ಕೇಳಿಕೊಳ್ಳುತ್ತಿದ್ದಾಳೆ. ಉತ್ತರ ಸಿಗದೆ ಮಲಗಿದ್ದಾಳೆ. ಈ ಎರಡರ ನಡುವೆ ಯಾವುದು ಎಂದು ತೋರಿಸುವ ಯಂತ್ರ ಇಲ್ಲ, ಬರುವುದೂ ಇಲ್ಲ. ಎರಡನ್ನೂ ತಳ್ಳಿಹಾಕದೆ ಬದುಕುವುದು ದೊಡ್ಡ ಮನಸ್ಸಿನ ಲಕ್ಷಣ ಎಂದು ಕಾಲೇಜಿನಲ್ಲಿ ಯಾರೋ ಹೇಳಿದ್ದರು. ಅವರು ಇಂಥ ಕೋಣೆಯಲ್ಲಿ ರಾತ್ರಿ ಮಲಗಿದವರಿರಲಿಕ್ಕಿಲ್ಲ. ತೆರೆದಿಟ್ಟ ಬಾಗಿಲಿನಿಂದ ಗಾಳಿ ಬರುತ್ತದೆ ನಿಜ; ಎದೆಗೆ ನಾಟುವ ಚಳಿಯೂ ಅಲ್ಲಿಂದಲೇ ಬರುತ್ತದೆ. ಆದರೂ ಹೇಳಬೇಕು. ಅಪ್ಪ ಮತ್ತೆ ಮಾತಾಡಬೇಕು. ಇನ್ನೇನೂ ಅವಳಿಗೆ ಬೇಡವಾಗಿತ್ತು.

ಎರಡನೆಯ ಮಹಡಿ ಹತ್ತಿ ಒಳಗೆ ಬಂದಾಗ ಅಪ್ಪ ಅಮ್ಮನ ಕೈಯನ್ನು ಟವೆಲ್ಲಿನ ಮೇಲಿಟ್ಟುಕೊಂಡು ಉಗುರು ತೆಗೆಯುತ್ತಿದ್ದರು. ಒಂದೊಂದು ಉಗುರು ತೆಗೆದ ಮೇಲೂ ಆ ಬೆರಳ ತುದಿಯನ್ನು ತಮ್ಮ ಕೆನ್ನೆಗೆ ಉಜ್ಜಿ ಚೂಪಾಗಿ ಉಳಿದಿದೆಯೇ ಎಂದು ನೋಡುತ್ತಿದ್ದರು. ಗಂಟೆಯಮ್ಮ ಒಗೆದ ಬಟ್ಟೆ ಮಡಿಸುತ್ತಿದ್ದಳು. ಒಳಗೆ ಬಂದವಳು ಚೀಲವನ್ನೂ ಇಳಿಸದೆ ಹಾಸಿಗೆಯ ಬುಡದಲ್ಲಿ ನಿಂತು, “ಅಪ್ಪ, ಅವತ್ತು ನಾನು ಪರೀಕ್ಷೆ ಮಾಡಿದ್ನಲ್ಲ, ಅಮ್ಮನಿಗೆ…” ಎಂದಳು.

ಅಪ್ಪ ಕತ್ತರಿ ಹಿಡಿದ ಕೈಯನ್ನು ಥಟ್ಟನೆ ಎತ್ತಿದರು. “ಇಲ್ಲಿ ಬೇಡ. ಹೊರಗೆ ಬಾ.”

ಅಮ್ಮನ ಕೈಯನ್ನು ಹೊದಿಕೆಯೊಳಗೆ ಸೇರಿಸಿ ಎದ್ದರು. ಕೋಣೆಯ ಬಾಗಿಲು ಎಳೆದುಕೊಂಡರು, ಆಮೇಲೆ ಮನೆಯ ಬಾಗಿಲನ್ನೂ. ಮೆಟ್ಟಿಲ ಬಳಿಯ ಕಿಟಕಿಯ ಹತ್ತಿರ ನಿಂತರು. ಕೆಳಗಿನ ಮನೆಯಲ್ಲಿ ಯಾರೋ ಕುರ್ಚಿ ಎಳೆಯುತ್ತಿದ್ದರು. ಅವಳು ಬಸ್ಸಿನಲ್ಲಿ ಜೋಡಿಸಿಕೊಂಡದ್ದನ್ನು ಹೇಳಿದಳು. ಮಾತು ಜೋಡಿಸಿದ ಹಾಗೆ ಬರಲಿಲ್ಲ, ಆದರೂ ಎಲ್ಲ ಹೇಳಿದಳು. ಅಪ್ಪ ಅಂಗಿಯ ಜೇಬಿನಿಂದ ಕಾಗದ ತೆಗೆದರು. ಮಡಿಕೆಗಳು ಸವೆದು ಬಟ್ಟೆಯಂತಾಗಿದ್ದವು.

“ಇದು ಸುಳ್ಳಾ ಹಾಗಾದ್ರೆ?”

“ಸುಳ್ಳಲ್ಲ. ಅದು ಹೇಳಿದ್ದು ಅಷ್ಟೇ. ಮಿಕ್ಕಿದ್ದು ನಾನು ಸೇರಿಸಿದ್ದು.”

“ಕೇಳಿಸತ್ತಾ ಅವಳಿಗೆ?”

“ಗೊತ್ತಿಲ್ಲ ಅಪ್ಪ.”

“ಗೊತ್ತಾಗೋಕೆ ಬೇರೆ ಯಂತ್ರ ಇದೆಯಾ?”

“ಇದಾವೆ. ಅವೂ ಇಷ್ಟೇ ಹೇಳೋದು.”

ಅಪ್ಪ ಕಾಗದವನ್ನು ಬಿಚ್ಚಲಿಲ್ಲ. “ಯಾಕೆ ಹೇಳಿದೆ ಮತ್ತೆ?” ಎಂದರು. ಬೈಗುಳವಿರಲಿಲ್ಲ ದನಿಯಲ್ಲಿ, ಅವಳ ಶಾಲೆಯ ದಿನಗಳಲ್ಲಿ ಲೆಕ್ಕ ತಪ್ಪಿದಾಗ ಎಲ್ಲಿ ತಪ್ಪಿತೆಂದು ಕೇಳುತ್ತಿದ್ದರಲ್ಲ, ಹಾಗೆ.

“ನನಗೆ ಸಿಟ್ಟು ಬಂದಿತ್ತು. ನೀವು ಅತ್ತೆ ಮುಂದೆ ಹಾಗಂದ್ರಲ್ಲ.”

“ಏನಂದೆ?”

ಅಪ್ಪನಿಗೆ ನೆನಪೇ ಇರಲಿಲ್ಲ. ಅವಳಿಗೆ ಅದನ್ನು ಮತ್ತೆ ಹೇಳಲು ನಾಲಿಗೆ ಏಳಲಿಲ್ಲ. “ಹೋಗ್ಲಿ ಬಿಡಿ. ಇವತ್ತಿಂದ ಮೊದಲಿನ ಹಾಗೆ ಮಾತಾಡಿ ಅಪ್ಪ. ಕೇಳಿಸಿದ್ರೂ ಕೇಳಿಸಬಹುದು. ದಯವಿಟ್ಟು.”

ಅಪ್ಪ ಕಿಟಕಿಯ ಸರಳು ಹಿಡಿದುಕೊಂಡರು. “ಕೇಳಿಸತ್ತೆ ಅಂತಲೇ ಇಟ್ಕೋ” ಎಂದರು. “ಇವತ್ತಿಗೆ ತೊಂಬತ್ತನಾಲ್ಕು ದಿನ. ಪಕ್ಕದಲ್ಲೇ ಕೂತಿದೀನಿ, ಬಾಯಿ ಹೊಲಿದುಕೊಂಡು. ಒಂದು ಜನ್ಮ ಪೂರ್ತಿ ಮಾತಾಡದವನು ಎಂಟು ತಿಂಗಳು ಮಾತಾಡಿದ, ಆಮೇಲೆ ಬಿಟ್ಟ. ಏನಂದ್ಕೊಂಡಿರ್ತಾಳೆ ಅವಳು? ಸಾಕಾಯ್ತು ಇವನಿಗೆ ನಾನು, ಅಂತ ತಾನೆ? ಆ ಬಾವಿ ವಿಷಯ ಬೇರೆ ಹೇಳಿದ್ದೆ ಅವಳಿಗೆ. ಅದನ್ನ ಹೇಳಿದ ವಾರಕ್ಕೇ ನಿಲ್ಲಿಸಿದೆ. ನನ್ನ ಪಾಪ ಅವಳ ತಲೇಲಿ ಸುರಿದು, ಕೈ ತೊಳ್ಕೊಂಡು, ಸುಮ್ನಾದ ಅಂದ್ಕೊಂಡಿರಲ್ವಾ?” ತಲೆಯಲ್ಲಾಡಿಸಿದರು. “ಬೇಡ ಕಣೆ. ಕೇಳಿಸಲ್ಲ ಅವಳಿಗೆ. ಕೇಳಿಸಬಾರದು. ನೀನು ಅವತ್ತು ಹೇಳಿದ್ದೇ ಸರಿ. ಆ ಬಾಗಿಲು ಮತ್ತೆ ತೆಗೀಬೇಡ. ನನಗೆ ಈ ಕಾಗದ ಬೇಕು.” ಕಾಗದವನ್ನು ಜೇಬಿನಲ್ಲಿಟ್ಟು ಮೇಲಿಂದ ಅಂಗೈ ಒತ್ತಿ ಹಿಡಿದರು, ಯಾರೋ ಕಸಿದುಕೊಳ್ಳುತ್ತಾರೆ ಎನ್ನುವಂತೆ.

ಹಾಗಾದರೆ ಹೊರಗೆ ಯಾಕೆ ಕರೆದುಕೊಂಡು ಬಂದಿರಿ? ಎರಡು ಬಾಗಿಲು ಮುಚ್ಚಿ, ಪಿಸುದನಿಯಲ್ಲಿ? ಪ್ರಶ್ನೆ ಅವಳ ತುಟಿಯವರೆಗೆ ಬಂತು. ಕೇಳಲಿಲ್ಲ. ಆದರೆ ಅವಳ ಕಣ್ಣು ಮುಚ್ಚಿದ ಬಾಗಿಲ ಕಡೆ ಹೋದದ್ದನ್ನು ಅಪ್ಪ ನೋಡಿಬಿಟ್ಟರು. ಅವರ ಮುಖ ನಿಧಾನವಾಗಿ ಕಂದಿತು. ತೊಂಬತ್ತನಾಲ್ಕು ದಿನ ಆ ಕಾಗದವನ್ನು ಎದೆಗೆ ಒತ್ತಿಕೊಂಡು ನಂಬಲು ಹೆಣಗಿದ ಮನುಷ್ಯ, ಒಂದು ದಿನವೂ ಅದನ್ನು ನಂಬಿರಲಿಲ್ಲ. ಅಷ್ಟೂ ದಿನ, ಕೇಳಿಸಬಹುದಾದವಳ ಪಕ್ಕದಲ್ಲಿ, ಕೇಳಿಸಬಹುದೆಂದು ಗೊತ್ತಿದ್ದೇ ಕೂತಿದ್ದರು. ಅವಳು ಕೈಚಾಚಿ ಅವರ ತೋಳು ಮುಟ್ಟಿದಳು. ಅಪ್ಪ ತೋಳು ಕೊಡವಲಿಲ್ಲ, ಅವಳ ಕಡೆ ತಿರುಗಲೂ ಇಲ್ಲ. “ನೀನು ಒಳಗೆ ಹೋಗು” ಎಂದರು.

ಒಳಗೆ ಹೋದಳು. ಗಂಟೆಯಮ್ಮ ಅಂಗೈ ತಿಕ್ಕಿಕೊಂಡು, “ಈಗ ಈ ಮಗ್ಗುಲಮ್ಮ, ಕಿಟಕಿ ಕಡೆ” ಎಂದು ಅಮ್ಮನನ್ನು ತಿರುಗಿಸಿ, ಮಗಳ ಮುಖ ನೋಡಿ, ಅಡುಗೆಮನೆಗೆ ಸರಿದಳು. ಅವಳು ಬೆತ್ತದ ಕುರ್ಚಿಯಲ್ಲಿ ಕೂತಳು. ಹನ್ನೊಂದು ತಿಂಗಳಲ್ಲಿ ಒಮ್ಮೆಯೂ ಅದರಲ್ಲಿ ಕೂತಿರಲಿಲ್ಲ. ಅಪ್ಪನ ಭಾರಕ್ಕೆ ಅದು ಒಂದು ಕಡೆ ವಾಲಿತ್ತು. ಅಮ್ಮನ ತೆರೆದ ಕಣ್ಣು ಅವಳ ಭುಜದಾಚೆ ಎಲ್ಲೋ ನಿಂತಿತ್ತು. ಕ್ಷಮೆ ಕೇಳಬೇಕು ಎಂದುಕೊಂಡಳು. ಆದರೆ ತನ್ನ ಕ್ಷಮೆ ಯಾರಿಗೆ ಬೇಕಾಗಿದೆ ಈಗ? ಇಲ್ಲಿ ಉತ್ತರ ಸಿಗದೆ ಮಲಗಿರುವ ಪ್ರಶ್ನೆ ಬೇರೆಯೇ ಒಂದಿದೆ, ಇದ್ದರೆ.

“ಅಮ್ಮ” ಎಂದಳು. ದನಿ ಜೋರಾಯಿತು, ಕಿವುಡರೊಡನೆ ಮಾತಾಡುವ ಕ್ಲಿನಿಕ್ಕಿನ ದನಿ. ತಗ್ಗಿಸಿದಳು. “ಅಮ್ಮ, ಅಪ್ಪ ಯಾಕೆ ಮಾತಾಡ್ತಿಲ್ಲ ಅಂತ ನೀನು ಅಂದ್ಕೊಂಡಿರಬಹುದು. ಅವರ ಗಂಟಲು ಕೆಟ್ಟಿತ್ತು. ಮೂರು ತಿಂಗಳು ದನಿ ಎತ್ತಲೇಬಾರದು ಅಂತ ಡಾಕ್ಟರು ಹೇಳಿದ್ರು. ನಿನಗೆ ಹೇಳೋಕೆ ಮರೆತುಬಿಟ್ವಿ ನಾವು.”

ಹೇಳಿ ಮುಗಿಸುವ ಮೊದಲೇ ಆ ಸುಳ್ಳಿನಲ್ಲಿದ್ದ ತೂತು ಕಂಡಿತು. ಅಪ್ಪ ಹಜಾರದಲ್ಲಿ ದಿನವೂ ಫೋನಿನಲ್ಲಿ ಮಾತಾಡುತ್ತಾರೆ. ಈ ತೆಳು ಬಾಗಿಲು ಎಷ್ಟು ಸದ್ದನ್ನು ತಡೆಯುತ್ತದೆ, ಎಷ್ಟನ್ನು ಬಿಡುತ್ತದೆ ಎಂದು ಅವಳಷ್ಟು ಚೆನ್ನಾಗಿ ಬಲ್ಲವರು ಇನ್ನಾರು? ಚಿಕ್ಕಂದಿನಿಂದ ಅವಳ ಒಂದು ಸುಳ್ಳೂ ಅಮ್ಮನ ಮುಂದೆ ನಿಂತದ್ದಿಲ್ಲ. ಹೊಲಿಗೆಯಿಂದ ತಲೆಯೆತ್ತದೆಯೇ, “ಹೂಂ, ಅದು ಸರಿ. ಈಗ ನಿಜ ಹೇಳು” ಎನ್ನುತ್ತಿದ್ದಳು. ಆ ಮಾತಿಗೆ ಕಾಯುತ್ತಿರುವವಳಂತೆ ಅವಳು ಉಸಿರು ಹಿಡಿದು ಕೂತಳು. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಅಮ್ಮನ ಹತ್ತಿರ ಸಿಕ್ಕಿಬೀಳುವ ಹೆದರಿಕೆಯಾಯಿತು. ಅವಳ ಕಣ್ಣು ಅಭ್ಯಾಸಬಲದಿಂದ ಅಮ್ಮನ ರೆಪ್ಪೆ, ತುಟಿಯ ಅಂಚು, ಕತ್ತಿನ ಮೇಲಿನ ನರ, ಎಲ್ಲಿ ಏನು ಅಲುಗುತ್ತದೆ ಎಂದು ಹುಡುಕಲು ಹೊರಟಿತ್ತು. ಹುಡುಕಿದರೆ ಮತ್ತೆ ಅದೇ ಪರೀಕ್ಷೆ. ಅವಳು ಮುಖ ತಿರುಗಿಸಿ ಗೋಡೆಯ ಕಡೆ ನೋಡಿದಳು. ಅಲ್ಲಿ ಅಮ್ಮ ಅಳತೆಯ ಪಟ್ಟಿ ತೂಗುಹಾಕುತ್ತಿದ್ದ ಮೊಳೆ ಇತ್ತು. ಅದನ್ನೇ ನೋಡುತ್ತ ಕೂತಳು.

ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಅಪ್ಪ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಎರಡು ಸಲ, ಸ್ವಲ್ಪ ಅತಿಯಾಗಿ, ಗಂಟಲು ಕೆಟ್ಟವರು ಕೆಮ್ಮುವ ಹಾಗೆ ಕೆಮ್ಮಿದರು. ಒಂದು ದಿನವೂ ಸುಳ್ಳು ಹೇಳಿ ಗೊತ್ತಿಲ್ಲದವರ ನಟನೆ. ಅವಳು ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಅಪ್ಪ ಕೂತರು. ಹೊದಿಕೆಯೊಳಗಿಂದ ಅಮ್ಮನ ಕೈಯನ್ನು ಎತ್ತಿಕೊಂಡರು. ಉಗುರು ತೆಗೆಯದ ಎರಡು ಬೆರಳು ಇನ್ನೂ ಉಳಿದಿದ್ದವು. ಬಾಯಿ ತೆರೆದರು.

ಗಾಳಿಯಷ್ಟೇ ಬಂತು. ಮುಚ್ಚಿ, ಎಂಜಲು ನುಂಗಿ, ಮತ್ತೆ ತೆರೆದರು. ಕತ್ತಿನ ಗಂಟು ಮೇಲೆ ಹೋಗಿ ಕೆಳಗೆ ಬಂತು. ಹೊರಗೆ ಮೆಟ್ಟಿಲ ಬಳಿ ಅಷ್ಟು ಮಾತಾಡಿದ ದನಿ ಈ ಹೊಸ್ತಿಲಾಚೆ ಉಳಿದುಬಿಟ್ಟಿತ್ತು. ಮತ್ತೆ ಕೆಮ್ಮಿದರು, ಈ ಸಲ ನಟನೆಯಾಗಿರಲಿಲ್ಲ. ಕೆಮ್ಮು ಅವರನ್ನು ಬಗ್ಗಿಸಿ ಅಲ್ಲಾಡಿಸಿತು, ಕಣ್ಣಲ್ಲಿ ನೀರು ತಂದಿತು. ಗಂಟೆಯಮ್ಮ ಅಡುಗೆಮನೆಯಿಂದ ಬಿಸಿನೀರಿನ ಲೋಟ ಹಿಡಿದು ಬಂದಳು. ಮನೆ ಸೇರುವ ಹೊತ್ತಾಗಿತ್ತು ಅವಳಿಗೆ, ಚೀಲ ಹೆಗಲಿಗೇರಿತ್ತು.

“ನಿಧಾನಕ್ಕೆ ಯಜಮಾನ್ರೇ. ಗಂಟಲು ಬಿಸಿ ಆಗ್ಲಿ ಮೊದಲು” ಎಂದಳು, ಅಮ್ಮನಿಗೂ ಕೇಳಿಸುವಷ್ಟು ಗಟ್ಟಿಯಾಗಿ.

ಅಪ್ಪ ಒಂದೊಂದೇ ಗುಟುಕು ಕುಡಿದರು. ಲೋಟ ಬರಿದಾಯಿತು. ತುಟಿ ಅಲುಗುತ್ತಿತ್ತು, ಮಾತು ಬರಲಿಲ್ಲ. ಗಂಟೆಯಮ್ಮ ಹೋಗಲಿಲ್ಲ, ಚೀಲವನ್ನು ನೆಲಕ್ಕಿಟ್ಟು ಗೋಡೆಗೆ ಒರಗಿ ನಿಂತಳು. ಮಗಳು ಮತ್ತೆ ಆ ಮೊಳೆಯ ಕಡೆ ಕಣ್ಣು ನೆಟ್ಟಳು. ಕೋಣೆಯಲ್ಲಿ ಮೂವರು ಆ ಒಂದು ದನಿಗಾಗಿ ಕಾಯುತ್ತಿದ್ದರು. ನಾಲ್ವರು ಎನ್ನಬೇಕೋ ಏನೋ, ಅವಳಿಗೆ ತಿಳಿಯಲಿಲ್ಲ.